ದವಡೆಯ ಕೃತಕ ಕೀಲಿನ ಆಯುಷ್ಯ: ಎಣಿಕೆಗೆ ಸಿಕ್ಕವರು, ಸಿಗದವರು

ದವಡೆಯ ಕೃತಕ ಕೀಲು ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದವರಿಗೆ ಶಸ್ತ್ರವೈದ್ಯರ ವಲಯದಲ್ಲಿ ಇಂದು ಸಾಮಾನ್ಯವಾಗಿ ಸಿಗುವ ಉತ್ತರ ಇಪ್ಪತ್ತು ವರ್ಷ ಎಂಬುದು. ಈ ಅಂಕಿಗೆ ಆಧಾರವಿದೆ. ಆದರೆ ಆ ಆಧಾರ ಯಾರನ್ನು ಎಣಿಸಿ ಸಿದ್ಧವಾಯಿತು, ಎಣಿಕೆಯಿಂದ ಹೊರಗುಳಿದವರು ಎಷ್ಟು ಜನ, ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿನಿಂದ ಬಾಯಿ ತೆರೆಯದೆ ಧಾರವಾಡಕ್ಕೋ ಹುಬ್ಬಳ್ಳಿಗೋ ಬರುವ ರೋಗಿಗೆ ಅದರಲ್ಲಿ ಎಷ್ಟು ಪಾಲು ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡಿದಾಗ, ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಉತ್ತರ ಹಲವು ಷರತ್ತುಗಳಿಗೆ ಒಳಪಟ್ಟ ಹೇಳಿಕೆಯಾಗಿ ಮಾರ್ಪಡುತ್ತದೆ. ಆ ಷರತ್ತುಗಳನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಕೆಳದವಡೆಯ ಮೂಳೆ ಎರಡೂ ಕಿವಿಗಳ ಮುಂದೆ ತಲೆಬುರುಡೆಯನ್ನು ಸೇರುತ್ತದೆ. ಮೂಳೆಯ ಮೇಲ್ತುದಿಯಲ್ಲಿ, ವೈದ್ಯರು ಕಾಂಡೈಲ್ ಎಂದು ಕರೆಯುವ ಗುಂಡಗಿನ ಭಾಗವೊಂದಿದ್ದು, ಅದು ಬುರುಡೆಯ ತಳದಲ್ಲಿರುವ ಫಾಸಾ ಎಂಬ ಗುಳಿಯೊಳಗೆ ಕೂರುತ್ತದೆ. ಇವೆರಡರ ನಡುವೆ ನಾರಿನಂಶದಿಂದಾದ ತೆಳುವಾದ ಬಿಲ್ಲೆಯೊಂದು ಇರುತ್ತದೆ. ಬಾಯಿ ತೆರೆಯುವಾಗ ಕಾಂಡೈಲ್ ಮೊದಲು ಇದ್ದಲ್ಲಿಯೇ ತಿರುಗಿ, ಅನಂತರ ಗುಳಿಯ ಅಂಚಿನತ್ತ ಮುಂದಕ್ಕೆ ಜಾರುತ್ತದೆ. ಒಂದು ಬದಿಯ ಕೀಲು ಅಲುಗಿದರೆ ಇನ್ನೊಂದೂ ಅಲುಗಲೇಬೇಕಾದ ಈ ಜೋಡಿ ರಚನೆಯಿಂದಾಗಿ, ಒಂದು ಬದಿ ಕೆಟ್ಟರೂ ಇಡೀ ಬಾಯಿ ಕೆಟ್ಟಂತೆಯೇ ಸರಿ. ಪಾಶ್ಚಾತ್ಯ ದೇಶಗಳಲ್ಲಿ ಕೃತಕ ಕೀಲಿನ ಅಗತ್ಯ ಹೆಚ್ಚಾಗಿ ಬೀಳುವುದು ಬಿಲ್ಲೆ ಸ್ಥಾನ ತಪ್ಪಿದವರಿಗೆ, ಸಂಧಿವಾತದಿಂದ ಕೀಲು ಸವೆದವರಿಗೆ, ಹಲವು ಸಲ ಶಸ್ತ್ರಚಿಕಿತ್ಸೆಯಾಗಿಯೂ ನೋವು ಬಿಡದ ಮಧ್ಯವಯಸ್ಸಿನವರಿಗೆ. ಭಾರತದಲ್ಲಿ ಇದಕ್ಕಿಂತ ಬೇರೆಯಾದ ಒಂದು ರೋಗ ಮುಂದೆ ನಿಲ್ಲುತ್ತದೆ. ಅದು ಕಾಂಡೈಲು ಗುಳಿಯೊಂದಿಗೆ ಮೂಳೆಯಾಗಿಯೇ ಬೆಸೆದುಕೊಳ್ಳುವ ಆಂಕಿಲೋಸಿಸ್.

ಈ ಬೆಸುಗೆಗೆ ಕಾರಣ ಬಹಳ ಸಲ ಬಾಲ್ಯದ ಒಂದು ಬೀಳುವಿಕೆ. ಗಿಡದಿಂದ, ಚಕ್ಕಡಿಯಿಂದ, ಕಟ್ಟೆಯಿಂದ ಗದ್ದ ಊರಿ ಬಿದ್ದ ಮಗುವಿನ ಗದ್ದದ ಗಾಯಕ್ಕೆ ಹೊಲಿಗೆ ಹಾಕಲಾಗುತ್ತದೆ. ಪೆಟ್ಟಿನ ಬಲ ಮೇಲಕ್ಕೆ ಸಾಗಿ ಕಿವಿಯ ಮುಂದೆ ಕಾಂಡೈಲನ್ನು ಮುರಿದಿರಬಹುದೆಂಬುದನ್ನು ಗಮನಿಸದೆ ಬಿಡಲಾಗುತ್ತದೆ. ಆ ಜಾಗದಲ್ಲಿ ಒಸರಿದ ರಕ್ತ ತಿಂಗಳುಗಳಲ್ಲಿ ಮೂಳೆಯಾಗಿ ಗಟ್ಟಿಗೊಂಡು, ಮೂರು ಬೆರಳು ತೂರುವಷ್ಟು ತೆರೆಯಬೇಕಾದ ಬಾಯಿ ಒಂದು ಬೆರಳಿಗೂ ಎಡೆ ಕೊಡದ ಸ್ಥಿತಿಗೆ ಬರುತ್ತದೆ. ಸೋರುವ ಕಿವಿಗೆ ಸಕಾಲದಲ್ಲಿ ಚಿಕಿತ್ಸೆಯಾಗದೆ ಕೀವು ಕೀಲಿಗೆ ಹರಡಿದಾಗಲೂ ಇದೇ ಪರಿಣಾಮ ಉಂಟಾಗಬಹುದು. ಕಾಂಡೈಲು ಕೆಳದವಡೆಯ ಬೆಳವಣಿಗೆಯಲ್ಲಿ ಪಾಲುಳ್ಳ ಭಾಗವಾದ್ದರಿಂದ ಗದ್ದ ಹಿಂದೆ ಉಳಿಯುತ್ತದೆ, ಹಲ್ಲುಜ್ಜಲಾಗದೆ ಹಲ್ಲು ಹುಳುಕಾಗುತ್ತವೆ, ನಾಲಿಗೆ ಹಿಂದಕ್ಕೆ ಸರಿದು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಧಾರವಾಡ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದಲ್ಲಿ ಬಾಯಿ ತೆರೆಯದ ಎಲ್ಲರ ಕೀಲೂ ಕೆಟ್ಟಿರುವುದಿಲ್ಲ. ಅಡಿಕೆ ಮತ್ತು ಗುಟ್ಕಾ ಸೇವನೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದಲ್ಲಿಯೂ ಬಾಯಿ ಮುಚ್ಚುತ್ತ ಬರುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೂ ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಯಲ್ಲಿ ಮಾರುವ ಉಪಾಯ ಗೂಡಂಗಡಿಗಳಿಗೆ ಗೊತ್ತಿದ್ದುದರಿಂದ ಆ ರೋಗ ಹೋಗಿಲ್ಲ. ಅಂಥವರಿಗೆ ಕೃತಕ ಕೀಲಿನಿಂದ ಪ್ರಯೋಜನವಿಲ್ಲ.

ಕೃತಕ ಕೀಲಿನ ಬಾಳಿಕೆಯನ್ನು ಕುರಿತ ಯಾವ ಹೇಳಿಕೆಯನ್ನಾದರೂ ತೂಗಿ ನೋಡುವ ಮುನ್ನ ಈ ಕ್ಷೇತ್ರದ ಅತಿ ದೊಡ್ಡ ಸೋಲನ್ನು ಅರಿಯಬೇಕಾಗುತ್ತದೆ. ಅಮೆರಿಕದ ರಾಬರ್ಟ್ ಕ್ರಿಸ್ಟೆನ್‌ಸನ್ 1960ರ ದಶಕದ ಆರಂಭದಲ್ಲೇ ಲೋಹದ ಗುಳಿಯನ್ನು ಅಳವಡಿಸಿದ್ದರೂ, ವ್ಯಾಪಕ ಬಳಕೆಗೆ ಬಂದದ್ದು ಹ್ಯೂಸ್ಟನ್ನಿನ ವೈಟೆಕ್ ಎಂಬ ಕಂಪನಿಯ ಪ್ರೋಪ್ಲಾಸ್ಟ್-ಟೆಫ್ಲಾನ್ ಹಾಳೆ. ಕೆಟ್ಟ ಬಿಲ್ಲೆಯನ್ನು ತೆಗೆದು ಅದರ ಜಾಗದಲ್ಲಿ ಇಡುತ್ತಿದ್ದ ಈ ಹಾಳೆಗೆ 1983ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಾರುಕಟ್ಟೆಯ ದಾರಿ ತೆರೆದದ್ದು, ಆಗಲೇ ಚಾಲ್ತಿಯಲ್ಲಿದ್ದ ಮತ್ತೊಂದು ಸಾಧನಕ್ಕೆ ಇದು ಸಮಾನವೆಂಬ ನೆಲೆಯಲ್ಲಿ; ಮನುಷ್ಯರಲ್ಲಿ ದೀರ್ಘಕಾಲದ ಪರೀಕ್ಷೆ ನಡೆಸಬೇಕೆಂಬ ಷರತ್ತು ಆ ದಾರಿಯಲ್ಲಿ ಇರಲಿಲ್ಲ. 25,000ಕ್ಕೂ ಹೆಚ್ಚು ಹಾಳೆಗಳು ವಿತರಣೆಯಾದವು. ಮೊದಲ ವರ್ಷಗಳ ವರದಿಗಳು ಉತ್ಸಾಹದಿಂದ ಕೂಡಿದ್ದವು. ಬಳಿಕ, ಅಗಿಯುವ ಒತ್ತಡಕ್ಕೆ ಟೆಫ್ಲಾನ್ ಪುಡಿಪುಡಿಯಾಗಿ, ಆ ಕಣಗಳನ್ನು ಹೊರದಬ್ಬಲು ದೇಹ ಕಳುಹಿಸಿದ ದೈತ್ಯಕೋಶಗಳು ಕಣಗಳ ಜೊತೆಗೆ ಸುತ್ತಲಿನ ಮೂಳೆಯನ್ನೂ ಕರಗಿಸತೊಡಗಿದವು; ಕೆಲವರಲ್ಲಿ ಈ ಸವೆತ ಬುರುಡೆಯ ತಳದವರೆಗೂ ಮುಟ್ಟಿತು. 1990ರಲ್ಲಿ ಕಂಪನಿ ದಿವಾಳಿಯಾಯಿತು. ಆ ವರ್ಷದ ಕೊನೆಗೆ ಎಚ್ಚರಿಕೆಯೂ 1991ರಲ್ಲಿ ಹಿಂಪಡೆಯುವ ಕ್ರಮವೂ ಬಂದವು.

ಈ ಪ್ರಕರಣದಲ್ಲಿ ವಿಮರ್ಶಕನನ್ನು ಹೆಚ್ಚು ಕಾಡಬೇಕಾದದ್ದು ಸಾಧನ ಕೆಟ್ಟಿತೆಂಬ ಸಂಗತಿಗಿಂತ, ಅದು ಕೆಡುತ್ತದೆಂದು ಮೊದಲೇ ಗೊತ್ತಿತ್ತೆಂಬ ಸಂಗತಿ. ಸೊಂಟದ ಕೃತಕ ಕೀಲಿನ ಜನಕರಲ್ಲಿ ಪ್ರಮುಖನಾದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1950ರ ದಶಕದ ಕೊನೆಯಲ್ಲಿ ಇದೇ ಟೆಫ್ಲಾನನ್ನು ಸೊಂಟದ ಗುಳಿಗೆ ಬಳಸಿ, ಅದು ಬೇಗನೆ ಸವೆದು ಕಣಗಳು ಸುತ್ತಲಿನ ಅಂಗಾಂಶವನ್ನು ಕೆಡಿಸಿದ್ದನ್ನು ಕಣ್ಣಾರೆ ಕಂಡು, 1962ರಲ್ಲಿ ಅತ್ಯಧಿಕ ಅಣುಭಾರದ ಪಾಲಿಎಥಿಲೀನ್ ಎಂಬ ಹೆಚ್ಚು ಗಟ್ಟಿಯಾದ ಪ್ಲಾಸ್ಟಿಕ್ಕಿಗೆ ಬದಲಾಯಿಸಿಕೊಂಡಿದ್ದ. ಮೂಳೆ ವೈದ್ಯರ ಪುಸ್ತಕದಲ್ಲಿದ್ದ ಪಾಠ ಇಪ್ಪತ್ತು ವರ್ಷ ಕಳೆದರೂ ದವಡೆ ವೈದ್ಯರ ಕೋಣೆಗೆ ತಲುಪಿರಲಿಲ್ಲ. ವೈದ್ಯಶಾಸ್ತ್ರದ ಶಾಖೆಗಳ ನಡುವಿನ ಗೋಡೆ ರೋಗಿಯ ಮೇಲೆ ಬಿದ್ದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಆ ಸೋಲಿನ ಬಳಿಕ ಬಂದ ಸಾಧನಗಳು ಚಾರ್ನ್‌ಲಿಯ ದಾರಿಯನ್ನೇ ಹಿಡಿದವು. ಟೆಕ್‌ಮೆಡಿಕಾ ಕಂಪನಿ 1989ರಲ್ಲಿ ಆರಂಭಿಸಿ, ಮುಂದೆ ಟಿಎಂಜೆ ಕಾನ್ಸೆಪ್ಟ್ಸ್ ಎಂಬ ಹೆಸರಿನಲ್ಲಿ ಮುಂದುವರಿದು 1999ರಲ್ಲಿ ಪೂರ್ಣ ಅನುಮೋದನೆ ಪಡೆದ ಕೀಲನ್ನು ರೋಗಿಯ ಸಿಟಿ ಸ್ಕ್ಯಾನಿನ ಆಧಾರದ ಮೇಲೆ ಆ ರೋಗಿಗೆಂದೇ ತಯಾರಿಸಲಾಗುತ್ತದೆ: ಗುಳಿಯ ಭಾಗ ಪಾಲಿಎಥಿಲೀನ್, ಅದನ್ನು ಬುರುಡೆಗೆ ಹಿಡಿದಿಡುವುದು ಟೈಟಾನಿಯಂ ಜಾಲರಿ, ಕಾಂಡೈಲಿನ ತಲೆ ಕೋಬಾಲ್ಟ್-ಕ್ರೋಮಿಯಂ-ಮಾಲಿಬ್ಡಿನಂ ಮಿಶ್ರಲೋಹ, ದವಡೆಗೆ ತಿರುಪುಮೊಳೆಗಳಿಂದ ಬಿಗಿಯುವ ಪಟ್ಟಿ ಟೈಟಾನಿಯಂ ಮಿಶ್ರಲೋಹ. 2005ರಲ್ಲಿ ಅನುಮತಿ ಪಡೆದ ಬಯೋಮೆಟ್ ಕೀಲು ಇದಕ್ಕೆ ಪ್ರತಿಯಾಗಿ ಸಿದ್ಧ ಅಳತೆಗಳಲ್ಲಿ ದೊರೆಯುತ್ತದೆ. ಸರಿಯಾದ ಅಳತೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನ ಬಳಿಯೇ ಆರಿಸಿ, ರೋಗಿಯ ಮೂಳೆಯನ್ನು ಅದಕ್ಕೆ ಹೊಂದುವಂತೆ ಕೆತ್ತಿಕೊಳ್ಳಬೇಕಾಗುತ್ತದೆ. ಸೊಂಟ ಮತ್ತು ಮೊಣಕಾಲಿಗೆ ಹೋಲಿಸಿದರೆ ದವಡೆಯ ಕೀಲಿನ ಮೇಲೆ ಬೀಳುವ ಭಾರ ಕಡಿಮೆ. ಇದಲ್ಲದೆ ಶಸ್ತ್ರಚಿಕಿತ್ಸೆಯಲ್ಲಿ ಕಾಂಡೈಲನ್ನು ಮುಂದಕ್ಕೆಳೆಯುವ ಸ್ನಾಯುವಿನ ಹಿಡಿತ ಬಿಡಿಸಲ್ಪಡುವುದರಿಂದ ಕೃತಕ ಕೀಲು ಇದ್ದಲ್ಲೇ ತಿರುಗುತ್ತದೆಯೇ ಹೊರತು ಹೆಚ್ಚು ಜಾರುವುದಿಲ್ಲ. ಕಡಿಮೆ ಭಾರ, ಕಡಿಮೆ ಜಾರುವಿಕೆ ಎಂಬ ಈ ಎರಡು ಕಾರಣಗಳಿಂದ ಸವೆತ ಕಡಿಮೆಯಾಗಬೇಕೆಂಬ ನಿರೀಕ್ಷೆ ಯುಕ್ತವಾದದ್ದೇ.

ಆ ನಿರೀಕ್ಷೆಗೆ ಒದಗಿದ ಅತಿ ಬಲವಾದ ಸಾಕ್ಷ್ಯ ಡಲ್ಲಾಸಿನ ಲ್ಯಾರಿ ವುಲ್ಫರ್ಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ. 1989ರ ನವೆಂಬರಿನಿಂದ 1993ರ ಜುಲೈವರೆಗೆ ಇಬ್ಬರು ಶಸ್ತ್ರವೈದ್ಯರು ಟೆಕ್‌ಮೆಡಿಕಾ ಕೀಲನ್ನು ಅಳವಡಿಸಿದ ರೋಗಿಗಳನ್ನು ಸುಮಾರು 21 ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಬಾಯಿ ತೆರೆಯುವಿಕೆ, ನೋವು, ದವಡೆಯ ಕೆಲಸ, ಆಹಾರ ಎಲ್ಲವೂ ಶಸ್ತ್ರಚಿಕಿತ್ಸೆಗೆ ಮೊದಲಿಗಿಂತ ಉತ್ತಮವಾಗಿದ್ದವು. ಸವೆತದಿಂದಾಗಲಿ ಲೋಹ ಮುರಿದದ್ದರಿಂದಾಗಲಿ ಒಂದು ಕೀಲನ್ನೂ ತೆಗೆಯಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಎಂಬ ಮಾತಿಗೆ ಮುಖ್ಯ ಆಸರೆ ಇದೇ. ಆದರೆ ಮೊದಲಿಗೆ ಕೀಲು ಹಾಕಿಸಿಕೊಂಡವರು 111 ಮಂದಿ. ಎರಡು ದಶಕಗಳ ಬಳಿಕ ಸಂಪರ್ಕಕ್ಕೆ ಸಿಕ್ಕು, ಸಾಕಷ್ಟು ದಾಖಲೆಯೂ ಇದ್ದವರು 56 ಮಂದಿ. ಉಳಿದ 55 ಮಂದಿಯಲ್ಲಿ ಸತ್ತವರಿರಬಹುದು, ಊರು ಬಿಟ್ಟವರಿರಬಹುದು, ನೆಮ್ಮದಿಯಾಗಿದ್ದು ಆಸ್ಪತ್ರೆಯನ್ನು ಮರೆತವರಿರಬಹುದು, ಬೇರೆ ಕಡೆ ಕೀಲು ತೆಗೆಸಿಕೊಂಡವರೂ ಇರಬಹುದು. ಅವರೆಲ್ಲರ ಕೀಲೂ ಸುಸ್ಥಿತಿಯಲ್ಲಿದ್ದರೆ ಬಾಳಿಕೆ ನೂರಕ್ಕೆ ನೂರು. ಎಲ್ಲರದೂ ಕೆಟ್ಟಿದ್ದರೆ ನೂರಕ್ಕೆ ಐವತ್ತು. ನಿಜ ಇವೆರಡರ ನಡುವೆ ಎಲ್ಲೋ ಇದೆ, ಬಹುಶಃ ಮೇಲಿನ ಅಂಚಿಗೆ ಹತ್ತಿರ. ಅಧ್ಯಯನದ ದೋಷವೆಂದು ಇದನ್ನು ಕರೆಯುವುದು ಅನ್ಯಾಯ, ಏಕೆಂದರೆ ಲೇಖಕರು ಈ ಸಂಖ್ಯೆಯನ್ನು ಮುಚ್ಚಿಟ್ಟಿಲ್ಲ. ದೋಷವಿರುವುದು ಅದನ್ನು ಉದ್ಧರಿಸುವಾಗ 111ನ್ನು ಬಿಟ್ಟು 21 ವರ್ಷವನ್ನು ಮಾತ್ರ ಹೇಳುವ ರೂಢಿಯಲ್ಲಿ.

ಸೊಂಟ ಮತ್ತು ಮೊಣಕಾಲಿನ ಕೀಲುಗಳ ವಿಷಯದಲ್ಲಿ ಲೆಕ್ಕ ಇಡುವ ಬಗೆ ಬೇರೆ. ಸ್ವೀಡನ್ 1975ರಲ್ಲಿ ಮೊಣಕಾಲಿಗೂ 1979ರಲ್ಲಿ ಸೊಂಟಕ್ಕೂ ರಾಷ್ಟ್ರೀಯ ದಾಖಲಾತಿ ಆರಂಭಿಸಿತು. ಬೇರೆ ದೇಶಗಳೂ ಅದನ್ನು ಅನುಸರಿಸಿದವು. ದೇಶದಲ್ಲಿ ಯಾವ ಆಸ್ಪತ್ರೆಯಲ್ಲಿ ಕೀಲು ಹಾಕಿದರೂ ತೆಗೆದರೂ ಅದು ಒಂದೇ ಪಟ್ಟಿಗೆ ಸೇರುವುದರಿಂದ, ವೈದ್ಯರನ್ನು ಬದಲಾಯಿಸಿದ ರೋಗಿಯೂ ಲೆಕ್ಕದಿಂದ ತಪ್ಪಿಸಿಕೊಳ್ಳಲಾರ. ಇಂಥ ದಾಖಲಾತಿಗಳನ್ನು ಆಧರಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಗಳ ಪ್ರಕಾರ 25 ವರ್ಷ ಬಾಳುವ ಸೊಂಟದ ಕೀಲುಗಳು ನೂರಕ್ಕೆ ಸುಮಾರು 58, ಪೂರ್ಣ ಮೊಣಕಾಲಿನ ಕೀಲುಗಳು ಸುಮಾರು 82. ದವಡೆಯ ಕೀಲಿನ ಹೊಳೆಯುವ ಫಲಿತಾಂಶದ ಪಕ್ಕದಲ್ಲಿ ಇವು ಮಂಕಾಗಿ ಕಾಣುತ್ತವೆ. ಆದರೂ ನಂಬಿಕೆಯ ತಕ್ಕಡಿಯಲ್ಲಿ ತೂಕ ಹೆಚ್ಚಿರುವುದು ಈ ಮಂಕು ಅಂಕಿಗಳಿಗೇ, ಏಕೆಂದರೆ ಕೆಟ್ಟ ಕೀಲುಗಳೂ ಎಣಿಕೆಯಲ್ಲಿ ಸೇರಿವೆ.

ಬಾಳಿಕೆ ಎಂದರೆ ಏನೆಂಬುದೂ ವಿಚಾರಿಸಬೇಕಾದ ವಿಷಯ. ಸಂಶೋಧನಾ ಲೇಖನಗಳಲ್ಲಿ ಕೀಲು ತೆಗೆಯದೆ ಉಳಿದಿದ್ದರೆ ಅದು ಬಾಳಿದಂತೆ. ಬಾಯಿ ಮತ್ತೆ ಬಿಗಿದರೂ, ನೋವು ಮರಳಿದರೂ, ಇನ್ನೊಂದು ಶಸ್ತ್ರಚಿಕಿತ್ಸೆಯ ಧೈರ್ಯವೋ ಹಣವೋ ಇಲ್ಲದೆ ರೋಗಿ ಸುಮ್ಮನಿದ್ದರೂ ಲೆಕ್ಕದಲ್ಲಿ ಕೀಲು ಜೀವಂತವಾಗಿಯೇ ಇರುತ್ತದೆ. ವುಲ್ಫರ್ಡ್ ಅಧ್ಯಯನದ 56 ಮಂದಿಯಲ್ಲಿ 48 ಮಂದಿ ತಮ್ಮ ಬದುಕು ಸುಧಾರಿಸಿತೆಂದರು, 6 ಮಂದಿ ಮೊದಲಿನಂತೆಯೇ ಇದೆ ಎಂದರು, 2 ಮಂದಿ ಹದಗೆಟ್ಟಿತೆಂದರು. ಮೊದಲೇ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾದವರಲ್ಲಿ ಸುಧಾರಣೆಯ ಪ್ರಮಾಣ ಕಡಿಮೆ. ಸವೆತದಿಂದಲೋ ಮುರಿತದಿಂದಲೋ ಒಂದು ಕೀಲೂ ಹೋಗಿರದಿದ್ದರೂ ಎಂಟು ಮಂದಿಗೆ ಲಾಭವಾಗಲಿಲ್ಲವೆಂಬುದು, ಸಾಧನದ ಆಯುಷ್ಯ ಬೇರೆ, ಅದರಿಂದ ಬರುವ ಸುಖದ ಆಯುಷ್ಯ ಬೇರೆ ಎಂಬುದಕ್ಕೆ ಅದೇ ಲೇಖನ ಒದಗಿಸುವ ಪುರಾವೆ. ಆಹಾರದ ಅಳತೆಯೂ ಅಲ್ಲಿನ ಊಟದ್ದೇ. ಕಲಘಟಗಿ ಸೀಮೆಯ ರೋಗಿಗೆ ಖಡಕ್ ರೊಟ್ಟಿಯನ್ನೂ ಸುಟ್ಟ ಗೋವಿನಜೋಳದ ತೆನೆಯನ್ನೂ ಅಗಿಯಲು ಬಂದೀತೇ ಎಂಬ ಪ್ರಶ್ನೆಯೇ ದೊಡ್ಡದು; ಕೃತಕ ಕೀಲಿನಲ್ಲಿ ದವಡೆ ಅಕ್ಕಪಕ್ಕಕ್ಕೆ ಸರಿಯುವುದು ಕಡಿಮೆಯಾಗುವುದರಿಂದ ಇಲ್ಲಿನ ವೈದ್ಯರು ಇಲ್ಲಿನ ತಿನಿಸುಗಳಿಂದಲೇ ಒಂದು ಅಳತೆಗೋಲನ್ನು ರೂಪಿಸಿಕೊಳ್ಳುವುದು ಒಳ್ಳೆಯದು.

ಕೀಲು ತೆಗೆಯಬೇಕಾಗಿ ಬಂದಾಗ ಕಾರಣ ಸಾಮಾನ್ಯವಾಗಿ ಸವೆತವಲ್ಲ. ಬಯೋಮೆಟ್ ಕೀಲಿನ ಮೇಲೆ 2012ರಲ್ಲಿ ಪ್ರಕಟವಾದ, 288 ರೋಗಿಗಳ 442 ಕೀಲುಗಳನ್ನು ಒಳಗೊಂಡ ಅಧ್ಯಯನದಲ್ಲಿ ಮೂರು ವರ್ಷಗಳ ಆಸುಪಾಸಿನಲ್ಲೇ 14 ಕೀಲುಗಳನ್ನು ಹೊರತೆಗೆಯಲಾಗಿತ್ತು. ಸೋಂಕು, ತಿರುಪುಮೊಳೆ ಸಡಿಲವಾಗುವುದು, ನಿಕ್ಕೆಲ್ ಕೋಬಾಲ್ಟ್‌ಗಳಿಗೆ ದೇಹದ ಅಲರ್ಜಿ, ಕೀಲಿನ ಸುತ್ತ ಬೇಡದ ಮೂಳೆ ಬೆಳೆಯುವುದು, ಕಾರಣ ತಿಳಿಯದ ನೋವು, ಇವು ಕೀಲಿನ ಆಯುಷ್ಯವನ್ನು ಕಡಿಮೆ ಮಾಡುವ ಸಂಗತಿಗಳು. 2011ರ ಫೆಬ್ರುವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೂರು ತಯಾರಕರಿಗೆ, ಮಾರಾಟದ ನಂತರದ ನಿಗಾ ಅಧ್ಯಯನ ನಡೆಸಬೇಕೆಂದು ಆದೇಶಿಸಿದ್ದಕ್ಕೂ ಕಾರಣ ಇಂಥದೇ: ಹಲವರಲ್ಲಿ ನೋವು ಮುಂತಾದ ಕಾರಣಗಳಿಗಾಗಿ ಮೂರು ವರ್ಷದೊಳಗೇ ಕೀಲು ಬದಲಾಯಿಸಬೇಕಾಗಿ ಬಂದಿತ್ತು. ಹಾಗಾಗಿ ಪ್ರಯೋಗಾಲಯದ ಯಂತ್ರದಲ್ಲಿ ಲಕ್ಷಾಂತರ ಸಲ ಅಲುಗಿಸಿ ಪ್ಲಾಸ್ಟಿಕ್ ಎಷ್ಟು ಸವೆಯಿತೆಂದು ಅಳೆಯುವ ಪರೀಕ್ಷೆ, ಅವಶ್ಯಕವಾದರೂ, ಆಯುಷ್ಯದ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಡಬಲ್ಲದು.

ಇನ್ನು ಬಮ್ಮಿಗಟ್ಟಿಯಂಥ ಊರಿನ ರೋಗಿಯ ಪ್ರಶ್ನೆ. ವುಲ್ಫರ್ಡ್ ಅಧ್ಯಯನದ 111 ಮಂದಿಯಲ್ಲಿ ಕೊನೆಗೆ ಲೆಕ್ಕಕ್ಕೆ ಸಿಕ್ಕವರ ಸರಾಸರಿ ವಯಸ್ಸು ಶಸ್ತ್ರಚಿಕಿತ್ಸೆಯ ವೇಳೆಗೆ ಸುಮಾರು 38; ಇಲ್ಲಿ ಬಾಲ್ಯದ ಪೆಟ್ಟಿನಿಂದ ಬಾಯಿ ಮುಚ್ಚಿದವರು ಹದಿಹರೆಯದಲ್ಲಿ, ಇನ್ನೂ ಮೊದಲೇ, ಆಸ್ಪತ್ರೆಗೆ ಬರುತ್ತಾರೆ. ಹದಿನೆಂಟರ ಹುಡುಗಿಯೊಬ್ಬಳಿಗೆ ಇಪ್ಪತ್ತು ವರ್ಷ ಬಾಳುವ ಕೀಲು ಹಾಕಿದರೆ, ಅದು ಮಾತಿಗೆ ತಪ್ಪದೆ ಬಾಳಿದರೂ, ಆಕೆಯ ಜೀವಮಾನದಲ್ಲಿ ಇನ್ನೆರಡು ಸಲವಾದರೂ ಬದಲಾಯಿಸುವ ಸಂದರ್ಭ ಬರಬಹುದು. ಪ್ರತಿ ಮರುಶಸ್ತ್ರಚಿಕಿತ್ಸೆಯೂ ಕಲೆಗಟ್ಟಿದ ಅಂಗಾಂಶದ ನಡುವೆ, ಕಣ್ಣುರೆಪ್ಪೆ ಹುಬ್ಬುಗಳನ್ನು ಆಡಿಸುವ ಮುಖದ ನರದ ಪಕ್ಕದಲ್ಲೇ ನಡೆಯಬೇಕು. ಬೆಳೆಯುವ ಮಕ್ಕಳಲ್ಲಿ ತೊಡಕು ಇನ್ನೂ ಹೆಚ್ಚು, ಲೋಹ ಬೆಳೆಯುವುದಿಲ್ಲವಾದ್ದರಿಂದ. ಮಕ್ಕಳಿಗೆ ಬೆಸೆದ ಮೂಳೆಯನ್ನು ಕತ್ತರಿಸಿ ತೆಗೆದು, ನಡುವೆ ಕಣತಲೆಯ ಸ್ನಾಯುಪದರವನ್ನು ಹೊದಿಸಿ, ಬೇಕಾದರೆ ಪಕ್ಕೆಲುಬಿನ ತುಣುಕಿನಿಂದ ಹೊಸ ಕಾಂಡೈಲನ್ನು ಕಟ್ಟುವ ವಿಧಾನ ಈಗಲೂ ಮೊದಲ ಆಯ್ಕೆಯಾಗಿ ಉಳಿದಿರುವುದು ಈ ಕಾರಣಕ್ಕೆ. ಇಂಗ್ಲೆಂಡಿನ ಹೆರಾಲ್ಡ್ ಗಿಲೀಸ್ 1920ರಲ್ಲಿ ವಿವರಿಸಿದ ಈ ಪಕ್ಕೆಲುಬಿನ ಕಸಿ ಮಗುವಿನೊಂದಿಗೆ ಬೆಳೆಯಬಲ್ಲದು. ಕೆಲವೊಮ್ಮೆ ಮಿತಿಮೀರಿ ಬೆಳೆದು ಗದ್ದವನ್ನು ಇನ್ನೊಂದು ಬದಿಗೆ ತಳ್ಳುತ್ತದೆ, ಕೆಲವೊಮ್ಮೆ ಮತ್ತೆ ಬೆಸೆದುಕೊಳ್ಳುತ್ತದೆ. ಬೆಳವಣಿಗೆ ಮುಗಿದ ವಯಸ್ಕರಲ್ಲಿ, ಅದರಲ್ಲೂ ಒಂದೆರಡು ಸಲ ಬಿಡಿಸಿದರೂ ಮತ್ತೆ ಬೆಸೆದವರಲ್ಲಿ, ಕೃತಕ ಕೀಲಿನ ಪಕ್ಷ ಬಲವಾಗಿದೆ: ದೇಹದ ಬೇರೆ ಭಾಗವನ್ನು ಕೊಯ್ಯಬೇಕಾಗಿಲ್ಲ, ಬಾಯಿ ತೆರೆಯುವ ವ್ಯಾಯಾಮವನ್ನು ತಡಮಾಡದೆ ಆರಂಭಿಸಬಹುದು, ಸುತ್ತಲೂ ಹೊಟ್ಟೆಯ ಕೊಬ್ಬನ್ನು ತುಂಬಿದರೆ ಮೂಳೆ ಮರಳಿ ಬೆಳೆಯುವ ಸಾಧ್ಯತೆ ಕುಗ್ಗುತ್ತದೆ.

ವ್ಯಾಯಾಮದ ಮಾತು ಇಲ್ಲಿ ಬರಿಯ ಉಪಚಾರದ್ದಲ್ಲ. ಐಸ್‌ಕ್ರೀಮ್ ಕಡ್ಡಿಗಳಂಥ ಮರದ ಪಟ್ಟಿಗಳನ್ನು ಹಲ್ಲುಗಳ ನಡುವೆ ಒಂದರ ಮೇಲೊಂದು ಪೇರಿಸುತ್ತ, ದಿನಕ್ಕೆ ಹಲವು ಸಲ, ನೋವನ್ನು ಸಹಿಸಿ, ತಿಂಗಳುಗಟ್ಟಲೆ ಬಾಯಿ ತೆರೆಯುವ ಅಭ್ಯಾಸ ತಪ್ಪಿದರೆ ಅತ್ಯುತ್ತಮ ಕೀಲೂ ಬಿಗಿಯುತ್ತದೆ. ಈ ಅಭ್ಯಾಸಕ್ಕೆ ವೈದ್ಯರ ನಿಗಾ ಬೇಕು. ಧಾರವಾಡದ ಸತ್ತೂರಿನಲ್ಲಿ 1986ರಿಂದ ನಡೆಯುತ್ತಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಾ ವಿಭಾಗವಿದ್ದು, ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೂ ಇರುವುದರಿಂದ ಈ ಜಿಲ್ಲೆಯವರು ತಜ್ಞರನ್ನು ಕಾಣಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಆದರೆ ಬಿತ್ತನೆಯ ಕಾಲದಲ್ಲಿ, ಸುಗ್ಗಿಯಲ್ಲಿ, ಕೂಲಿ ಬಿಟ್ಟು ಬಸ್ಸು ಹತ್ತಿ ಮರುತಪಾಸಣೆಗೆ ಬರುವುದು ಊರಿನವರಿಗೆ ಸುಲಭವಲ್ಲ, ಬಾಯಿ ತಕ್ಕಮಟ್ಟಿಗೆ ತೆರೆದ ಮೇಲಂತೂ ಬರುವವರು ವಿರಳ. ಡಲ್ಲಾಸಿನ ಅಧ್ಯಯನದಿಂದ ಕಾಣೆಯಾದ 55 ಮಂದಿಯ ಪ್ರಶ್ನೆ ಇಲ್ಲಿ ಇನ್ನಷ್ಟು ತೀವ್ರವಾಗುವುದು ಹೀಗೆ.

ಆಮದಾದ ಕೀಲಿನ ಬೆಲೆ ಲಕ್ಷಗಳ ಲೆಕ್ಕದಲ್ಲಿರುವುದರಿಂದ ಭಾರತದಲ್ಲೇ ತಯಾರಾದ, ಸಿದ್ಧ ಅಳತೆಯ ಮತ್ತು ರೋಗಿಗೆಂದೇ ರೂಪಿಸಿದ ಕೀಲುಗಳು ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವುದು ಸ್ವಾಗತಾರ್ಹ. ಆದರೆ ಬಳಸಿದ ಲೋಹವೂ ಪ್ಲಾಸ್ಟಿಕ್ಕೂ ಒಂದೇ ಆದ ಮಾತ್ರಕ್ಕೆ ಅಮೆರಿಕದ ಕೀಲಿನ ಇಪ್ಪತ್ತು ವರ್ಷದ ಕೀರ್ತಿಯನ್ನು ಇವುಗಳಿಗೆ ಎರವಲು ಕೊಡುವುದು, 1983ರಲ್ಲಿ ಸಮಾನತೆಯ ಹೆಸರಿನಲ್ಲಿ ಟೆಫ್ಲಾನ್ ಹಾಳೆಗೆ ಅನುಮತಿ ಕೊಟ್ಟ ತರ್ಕದಿಂದ ಬಹಳ ದೂರವೇನಿಲ್ಲ. ಪ್ರತಿ ಕೀಲಿನ ಬಾಳಿಕೆಯನ್ನು ಅದರದೇ ರೋಗಿಗಳನ್ನು ಎಷ್ಟು ವರ್ಷ ಗಮನಿಸಲಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಹೇಳುವುದು ನ್ಯಾಯ. ಐದು ವರ್ಷದ ಅನುಭವವಿದ್ದರೆ ಐದು ವರ್ಷ ಎನ್ನುವುದರಲ್ಲಿ ಅವಮಾನವಿಲ್ಲ. ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಿಂದ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ನೇತೃತ್ವದಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮವಿದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಪರವಾನಗಿಯ ಚೌಕಟ್ಟನ್ನು ಒದಗಿಸಿವೆ. ಆದರೆ ತೊಂದರೆಯಾದಾಗ ದೂರು ಬರೆಯುವ ವ್ಯವಸ್ಥೆ, ಹಾಕಿದ ಎಲ್ಲ ಕೀಲುಗಳನ್ನೂ ಮೊದಲ ದಿನದಿಂದ ಎಣಿಸುವ ದಾಖಲಾತಿಗೆ ಬದಲಿಯಾಗಲಾರದು. ದೂರುಗಳಿಂದ ಕೆಟ್ಟವು ಎಷ್ಟೆಂದು ತಿಳಿಯುತ್ತದೆ, ಎಷ್ಟರಲ್ಲಿ ಎಂಬುದು ತಿಳಿಯುವುದಿಲ್ಲ.

ಒಟ್ಟಿನಲ್ಲಿ, ಪಾಲಿಎಥಿಲೀನ್ ಮತ್ತು ಕೋಬಾಲ್ಟ್-ಕ್ರೋಮಿಯಂ ಜೋಡಿಯ, ಸುದೀರ್ಘ ಅನುಭವವಿರುವ ಕೀಲುಗಳು ವಯಸ್ಕ ರೋಗಿಯಲ್ಲಿ ಹತ್ತು ವರ್ಷ ಬಾಳುವವೆಂದು ವಿಶ್ವಾಸದಿಂದ ಹೇಳಬಹುದು. ಇಪ್ಪತ್ತು ವರ್ಷವೂ ಸಾಧ್ಯವೆಂದು ಹೇಳಬಹುದು, ಆದರೆ ಆ ಸಾಧ್ಯತೆಯನ್ನು ಭರವಸೆಯಾಗಿ ಮಾರುವಷ್ಟು ಪುರಾವೆ ಸಂಗ್ರಹವಾಗಿಲ್ಲ. ಬೆಳೆಯುವ ಮಕ್ಕಳಲ್ಲಿ ಇದು ಮೊದಲ ಚಿಕಿತ್ಸೆಯಾಗಬಾರದು. ಕೀಲು ಹಾಕಿಸಿಕೊಳ್ಳುವವರು ತಯಾರಕರ ಹೆಸರು, ಮಾದರಿ, ಬ್ಯಾಚ್ ಸಂಖ್ಯೆ ಮತ್ತು ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಬರೆಸಿಕೊಂಡು ಆ ಚೀಟಿಯನ್ನು ಪಡಿತರ ಚೀಟಿಯ ಜೊತೆಯಲ್ಲೇ ಜೋಪಾನವಾಗಿಡಬೇಕು, ಬಾಯಿ ಚೆನ್ನಾಗಿ ತೆರೆಯುತ್ತಿದ್ದರೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಗದ್ದಕ್ಕೆ ಪೆಟ್ಟಾದ ಮಗುವಿನ ಹೊಲಿಗೆ ಮುಗಿದ ಮೇಲೆ ಕಿವಿಯ ಮುಂದಿನ ಕೀಲಿನ ಚಿತ್ರವನ್ನೂ ತೆಗೆಯಿರೆಂದು ತಂದೆತಾಯಿಗಳು ವೈದ್ಯರನ್ನು ಕೇಳಿದರೆ, ಕೃತಕ ಕೀಲಿನ ಅಗತ್ಯವೇ ಬೀಳದವರ ಸಂಖ್ಯೆ ಹೆಚ್ಚುತ್ತದೆ.